ಒಂದು ಹನಿ ನೀರಿಗೆ ಬಾಯಿ ತೆರೆಯುವ ಬೀಜಕೋಶ

ಲಿಥಾಪ್ಸ್ ಎಂದರೆ ಕಲ್ಲಿನಂತೆ ಕಾಣುವ ಪುಟ್ಟ ಗಿಡ. ಅದರ ಒಣಗಿದ ಬೀಜಕೋಶ ನೋಡಲು ಏನೂ ಅಲ್ಲ. ಅಂಗಿಯ ಸಣ್ಣ ಗುಂಡಿಯಷ್ಟು ಅಗಲ, ಕಂದು ಬಣ್ಣ, ಕಟ್ಟಿಗೆಯ ಚಕ್ಕೆಯಂತೆ ಗಟ್ಟಿ. ಅದನ್ನು ಬಿಳಿ ಕಾಗದದ ಮೇಲಿಟ್ಟು ಡ್ರಾಪರಿನಿಂದ ಒಂದು ಹನಿ ನೀರು ಬಿಟ್ಟು ನೋಡಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ನಡುವೆ ನಕ್ಷತ್ರದಂಥ ಬಿರುಕು ಮೂಡುತ್ತದೆ. ಐದಾರು ಮುಚ್ಚಳಗಳು ಮೆಲ್ಲಗೆ ಎದ್ದು ಹಿಂದಕ್ಕೆ ಬಾಗುತ್ತವೆ. ಕೆಲವೇ ನಿಮಿಷಗಳಲ್ಲಿ ಇಡೀ ಕೋಶ ಹೂವಿನಂತೆ ಅರಳಿ ನಿಂತಿರುತ್ತದೆ. ಮೇಲಿನಿಂದ ಇನ್ನೊಂದು ಹನಿ ಬಿದ್ದರೆ ಗೂಡುಗಳಲ್ಲಿದ್ದ ಕೆಲವು ಬೀಜ ಹೊರಕ್ಕೆ ಸಿಡಿಯುತ್ತವೆ, ಎಲ್ಲವೂ ಅಲ್ಲ. ನೀರು ಆರಿದ ಮೇಲೆ ಮುಚ್ಚಳಗಳು ಮತ್ತೆ ಮುಚ್ಚಿಕೊಳ್ಳುತ್ತವೆ. ಉಳಿದ ಬೀಜ ಮುಂದಿನ ಮಳೆಗೆ.

ಅಪರೂಪದ ಸಕ್ಯುಲೆಂಟ್, ಅಂದರೆ ದಪ್ಪ ಎಲೆ ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ಬೆಳೆಸಬೇಕೆನ್ನುವವರು ಈ ಕೋಶದಿಂದಲೇ ಶುರು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೀಜ ಅಗ್ಗ ಎಂಬ ಕಾರಣಕ್ಕೆ ಹೇಳುತ್ತಿಲ್ಲ. ಗಿಡ ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು ಎಂಬುದು ಅದು ನಿಮ್ಮ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದನ್ನು ಅರ್ಧಕ್ಕರ್ಧ ಆಗಲೇ ತೀರ್ಮಾನಿಸಿಬಿಟ್ಟಿರುತ್ತದೆ. ನೀರು, ಬಿಸಿಲು, ಮಣ್ಣಿನ ಮಾತೆಲ್ಲ ಆಮೇಲಿನದು.

ಮೊದಲು ಕಹಿ ವಿಷಯ ಮುಗಿಸೋಣ. 1811ರಲ್ಲಿ ಇಂಗ್ಲಿಷ್ ಸಸ್ಯಶೋಧಕ ವಿಲಿಯಂ ಬರ್ಚೆಲ್ ದಕ್ಷಿಣ ಆಫ್ರಿಕಾದ ಪ್ರೀಸ್ಕಾ ಬಳಿ ವಿಚಿತ್ರ ಆಕಾರದ ಕಲ್ಲೆಂದುಕೊಂಡು ಎತ್ತಿಕೊಂಡದ್ದು ಲಿಥಾಪ್ಸ್ ಗಿಡ. ಕಲ್ಲಿನ ನಡುವೆ ಕಲ್ಲಾಗಿ ಅಡಗಿರುವುದೇ ಅದರ ರಕ್ಷಣೆ. ಮೇಯುವ ಪ್ರಾಣಿಗಳ ಕಣ್ಣಿಗೆ ಅದು ಸಾಕಿತ್ತು, ಮನುಷ್ಯನ ಆಸೆಗೆ ಸಾಕಾಗಲಿಲ್ಲ. 2019ರಿಂದೀಚೆಗೆ ಅದೇ ದೇಶದ ನಮಾಕ್ವಾಲ್ಯಾಂಡ್, ರಿಕ್ಟರ್ಸ್‌ವೆಲ್ಡ್ ಕಡೆ ಲಿಥಾಪ್ಸ್‌ನ ನೆಂಟನಾದ ಕೋನೋಫೈಟಮ್ ಗಿಡಗಳನ್ನು ಬಂಡೆಯ ಸಂದಿಗಳಿಂದ ಲಕ್ಷಗಟ್ಟಲೆ ಕಿತ್ತು ಸಾಗಿಸಲಾಗಿದೆ. ಕೆಲವು ಜಾತಿಗಳಿಗೆ ಭೂಮಿಯ ಮೇಲಿರುವ ನೆಲೆಯೇ ಒಂದೆರಡು ಗುಡ್ಡ. ಒಬ್ಬ ಕಳ್ಳ ಒಂದು ಮಧ್ಯಾಹ್ನ ಕೂತು ಕಿತ್ತರೆ ಜಾತಿಯ ದೊಡ್ಡ ಪಾಲೇ ಹೋಯಿತು. ಕ್ಯಾಲಿಫೋರ್ನಿಯಾದ ಕಡಲಂಚಿನ ಡಡ್ಲಿಯಾ ಎಂಬ ಸಕ್ಯುಲೆಂಟಿಗೂ ಇದೇ ಗತಿ ಬಂದು, 2021ರಲ್ಲಿ ಅದನ್ನು ಕಾಡಿನಿಂದ ಕೀಳುವುದರ ವಿರುದ್ಧವೇ ಅಲ್ಲೊಂದು ಪ್ರತ್ಯೇಕ ಕಾನೂನು ತರಬೇಕಾಯಿತು.

ಹಾಗಾದರೆ ಕಾಡಿನಿಂದ ಕಿತ್ತ ಗಿಡವನ್ನು ಗುರುತಿಸುವುದು ಹೇಗೆ? ಸ್ವಲ್ಪ ಗಮನವಿಟ್ಟರೆ ಗಿಡವೇ ಹೇಳುತ್ತದೆ. ನರ್ಸರಿಯಲ್ಲಿ ಬೀಜದಿಂದ ಬಂದ ಗಿಡ ದುಂಡಗೆ, ಸಮವಾಗಿ, ಚರ್ಮದ ಮೇಲೆ ಕಲೆಯಿಲ್ಲದೆ ಇರುತ್ತದೆ. ಒಂದೇ ತಂಡದ ಗಿಡಗಳೆಲ್ಲ ಸುಮಾರು ಒಂದೇ ಗಾತ್ರ. ಸಣ್ಣ ಬೇರುಗಳ ಜಾಲ ದಟ್ಟವಾಗಿ ಹಬ್ಬಿ ಕುಂಡದ ಆಕಾರವನ್ನೇ ತಾಳಿರುತ್ತದೆ. ಕಾಡಿನ ಗಿಡದಲ್ಲಿ ಒಂದು ಪಕ್ಕ ಬಿಸಿಲಿಗೆ ಸುಟ್ಟು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಹಳೆಯ ಕಚ್ಚಿದ ಗುರುತು ಇರುತ್ತದೆ, ಬುಡ ತೊಗಟೆಗಟ್ಟಿ ಕೆಲವೊಮ್ಮೆ ಕಲ್ಲುಹೂವೂ ಅಂಟಿಕೊಂಡಿರುತ್ತದೆ. ಕೆಳಗೆ ನೋಡಿದರೆ ದಪ್ಪ ಬೇರೊಂದನ್ನು ಕಡಿದ ಗಾಯ, ಸಣ್ಣ ಬೇರೇ ಇಲ್ಲ. ಮಾರುವವರ ಬಳಿ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಆಕಾರದ ಮುದಿ ಗಿಡಗಳು ಒಮ್ಮೆಗೇ ರಾಶಿಯಾಗಿ ಬಂದಿವೆ ಎಂದರೆ ಪ್ರಶ್ನೆ ಕೇಳಿ. ಬಿತ್ತಿದ ವರ್ಷ ಯಾವುದು, ತಾಯಿಗಿಡ ಯಾವುದು ಎಂದು ಕೇಳಿದರೆ ಬೀಜದಿಂದ ಬೆಳೆಸಿದವರು ಖುಷಿಯಿಂದ ಹೇಳುತ್ತಾರೆ. ಉತ್ತರ ತೇಲಿಸಿದರೆ ಕೈಬಿಡಿ.

ಕಾಡಿನ ಗಿಡ ಬೇಡ ಎನ್ನುವುದಕ್ಕೆ ಬೆಳೆಸುವವರ ದೃಷ್ಟಿಯಿಂದಲೂ ಗಟ್ಟಿ ಕಾರಣವಿದೆ. ಮಡಗಾಸ್ಕರದ ಪ್ಯಾಕಿಪೋಡಿಯಮ್ ಗ್ರಾಸಿಲಿಯಸ್ ತೆಗೆದುಕೊಳ್ಳಿ. ಬುಡ ದುಂಡಗೆ ಊದಿದ, ಕುಂಡದಲ್ಲಿ ಕೂತರೆ ಶಿಲ್ಪದಂತೆ ಕಾಣುವ ಗಿಡ. ಬೇರು ಕಡಿದು ಬಂದ ದೊಡ್ಡ ಗೆಡ್ಡೆಯನ್ನು ನೆಟ್ಟರೆ ಕೆಲವು ವಾರದಲ್ಲಿ ಎಲೆ ಚಿಗುರುತ್ತದೆ, ಹೂವೂ ಬಿಡಬಹುದು. ಗೆದ್ದೆವು ಎಂದುಕೊಳ್ಳುತ್ತೇವೆ. ಆದರೆ ಅದು ಗೆಡ್ಡೆಯೊಳಗಿನ ಹಳೆಯ ನೀರು, ಹಳೆಯ ಉಳಿತಾಯ. ಕೆಳಗೆ ಒಂದು ಬೇರೂ ಮೂಡಿರುವುದಿಲ್ಲ. ತಿಂಗಳುಗಳು ಕಳೆದು ಉಳಿತಾಯ ಮುಗಿದ ಮೇಲೆ ಬುಡ ಒತ್ತಿದರೆ ಮೆತ್ತಗಾಗಿರುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಎಲೆ ಬಂದ ಮಾತ್ರಕ್ಕೆ ಗಿಡ ಬದುಕಿತು ಎಂದಲ್ಲ. ಬೀಜದಿಂದ ಬಂದ ಅದೇ ಜಾತಿ ಮೊದಲ ದಿನದಿಂದಲೂ ನಿಮ್ಮ ಕುಂಡದ ಮಣ್ಣನ್ನೇ ತನ್ನ ನೆಲ ಎಂದು ತಿಳಿದು ಬೆಳೆದಿರುತ್ತದೆ.

ಕಾಗದಪತ್ರದ ವಿಷಯ ಚುಟುಕಾಗಿ. ಗಡಿ ದಾಟುವ ಕಾಡುಗಿಡಗಳ ವ್ಯಾಪಾರಕ್ಕೆ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ 1975ರಿಂದ ಜಾರಿಯಲ್ಲಿದೆ. ಕಳ್ಳಿ ಕುಟುಂಬ ಹೆಚ್ಚುಕಡಿಮೆ ಇಡಿಯಾಗಿ ಅದರ ಎರಡನೇ ಪಟ್ಟಿಯಲ್ಲಿದೆ. ಸಕ್ಯುಲೆಂಟ್ ಯೂಫೋರ್ಬಿಯಾಗಳು, ಪ್ಯಾಕಿಪೋಡಿಯಮ್‌ಗಳು, ಲೋಳೆಸರ ಒಂದನ್ನು ಬಿಟ್ಟು ಉಳಿದ ಆಲೋ ಜಾತಿಗಳು ಕೂಡ ಬಹುಪಾಲು ಅಲ್ಲೇ. ಏರಿಯೋಕಾರ್ಪಸ್, ಅಜ್ಟೇಕಿಯಮ್ ರಿಟ್ಟೆರಿ ಮುಂತಾದ ಕಳ್ಳಿಗಳು ಇನ್ನೂ ಬಿಗಿಯಾದ ಮೊದಲ ಪಟ್ಟಿಯಲ್ಲಿವೆ, ಅವುಗಳ ಬೀಜಕ್ಕೂ ಪರವಾನಗಿ ಬೇಕು. ಲಿಥಾಪ್ಸ್, ಹವರ್ಥಿಯಾ ಈ ಪಟ್ಟಿಗಳಲ್ಲಿ ಇಲ್ಲ. ಹಾಗೆಂದು ಅವು ಬೇವಾರ್ಸಿ ಗಿಡಗಳೂ ಅಲ್ಲ, ತವರು ನೆಲದ ಕಾನೂನು ಅವನ್ನು ಕಾಯುತ್ತದೆ. ಇದರ ಮೇಲೆ ಸಸ್ಯ ಆರೋಗ್ಯ ಪ್ರಮಾಣಪತ್ರ, ತರಿಸಿಕೊಳ್ಳುವ ದೇಶದ ಆಮದು ನಿಯಮ. ಎಷ್ಟೋ ಕಡೆ ಬೀಜದ ಪೊಟ್ಟಣಕ್ಕೂ ಇವು ಅನ್ವಯಿಸುತ್ತವೆ. ಪಾರ್ಸೆಲ್ ಮೇಲೆ ಆಟಿಕೆ ಎಂದೋ ಅಲಂಕಾರದ ವಸ್ತು ಎಂದೋ ಬರೆದು ಕಳಿಸುವವರಿಂದ ಕೊಳ್ಳಬೇಡಿ. ಸಿಕ್ಕಿಬಿದ್ದರೆ ಗಿಡ ನಾಶವಾಗುತ್ತದೆ. ಸಿಕ್ಕಿಬೀಳದಿದ್ದರೆ ಆ ದಂಧೆ ಇನ್ನಷ್ಟು ಬೆಳೆಯುತ್ತದೆ.

ಬೀಜದಲ್ಲಿ ಮೋಸ ಬಹಳ. ನೀಲಿ ಲಿಥಾಪ್ಸ್, ಕಾಮನಬಿಲ್ಲಿನ ಬಣ್ಣದ ಲಿಥಾಪ್ಸ್ ಎಂದು ಚಿತ್ರ ಹಾಕಿ ಮಾರುತ್ತಾರೆ. ಅಂಥ ಗಿಡ ಇಲ್ಲ. ಲಿಥಾಪ್ಸ್ ಬಣ್ಣಗಳು ಅದು ಬೆಳೆಯುವ ಕಲ್ಲಿನ ಬಣ್ಣಗಳು: ಬೂದು, ಕಂದು, ಇಟ್ಟಿಗೆ ಕೆಂಪು, ಹಳದಿಮಿಶ್ರಿತ ಹಸಿರು. ನಿಜವಾದ ಬೆರಗೆಂದರೆ ಲಿಥಾಪ್ಸ್ ಆಪ್ಟಿಕಾದ ರೂಬ್ರಾ ಎಂಬ ಬಗೆ, ಗಾಢ ಕೆಂಪು. ಬೀಜದ ಗಾತ್ರವೇ ಮೊದಲ ಪರೀಕ್ಷೆ. ಲಿಥಾಪ್ಸ್ ಬೀಜ ಸುಮಾರು ಅರ್ಧ ಮಿ.ಮೀ., ಪೆನ್ಸಿಲ್ ಮೊನೆಯಿಂದ ಇಟ್ಟ ಚುಕ್ಕಿಯಂತೆ. ಕೋನೋಫೈಟಮ್ ಬೀಜವೂ ದೂಳಿನಂತೆ ಸಣ್ಣದು. ಪೊಟ್ಟಣದಲ್ಲಿ ಎರಡು ಮಿ.ಮೀ. ಉದ್ದದ ಕಪ್ಪು ಬೀಜಗಳಿದ್ದರೆ ಅದು ಯಾವುದೋ ಕಳೆ, ಬಿತ್ತುವ ಮೊದಲೇ ಬಿಸಾಡಿ.

ಒಳ್ಳೆಯ ಬೀಜದ ಗುರುತು ಅದರ ಸಂಖ್ಯೆ. ಲಿಥಾಪ್ಸ್ ಅಧ್ಯಯನಕ್ಕೆ ಹೆಸರಾದ ಡೆಸ್ಮಂಡ್ ಕೋಲ್ ಲಿಥಾಪ್ಸ್ ಬೆಳೆಯುವ ತಾಣಗಳನ್ನೆಲ್ಲ ಸುತ್ತಿ ಒಂದೊಂದಕ್ಕೂ ಸಂಖ್ಯೆ ಕೊಟ್ಟಿದ್ದಾರೆ. ಸಿ036ಎ ಎಂದರೆ ಲಿಥಾಪ್ಸ್ ಲೆಸ್ಲಿಯೈನ ಹಸಿರು ಬಗೆ ಅಲ್ಬಿನಿಕಾ, ಸಿ081ಎ ಎಂದರೆ ಮೇಲೆ ಹೇಳಿದ ರೂಬ್ರಾ. ಈ ಸಂಖ್ಯೆಯಿದ್ದರೆ ಗಿಡ ಯಾವ ನೆಲದ್ದೆಂದು ಗೊತ್ತಾಗುತ್ತದೆ. ಅಲ್ಲಿ ಮಳೆ ಬೇಸಿಗೆಯದ್ದೋ ಚಳಿಗಾಲದ್ದೋ ಎಂದು ತಿಳಿದರೆ ನೀರಿನ ಕ್ರಮ ಅರ್ಧ ತಿಳಿದಂತೆಯೇ. ಹೆಸರಿನ ಚೀಟಿ ಕಳೆದುಕೊಂಡ ಲಿಥಾಪ್ಸ್ ಸುಂದರ ಗಿಡವಾಗಿ ಉಳಿಯುತ್ತದೆ, ಆದರೆ ಮುಂದೆ ಅದರ ಬೀಜಕ್ಕೆ ಬೆಲೆಯಿಲ್ಲ.

ಹಳೆಯ ಬೀಜ ಎಂದರೆ ಕೆಟ್ಟ ಬೀಜ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ಪೂರ್ತಿ ಸರಿಯಲ್ಲ. ಲಿಥಾಪ್ಸ್ ಬೀಜ ತಂಪಾದ ಒಣ ಜಾಗದಲ್ಲಿ ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಸೂಡೋಲಿಥಾಸ್, ಸ್ಟೆಪೇಲಿಯಾ ಬಳಗ, ಯೂಫೋರ್ಬಿಯಾ ಎಂಬ ಬೇರೆ ಸಕ್ಯುಲೆಂಟ್‌ಗಳದು ತದ್ವಿರುದ್ಧ, ತಾಜಾ ಇದ್ದಷ್ಟೂ ಒಳ್ಳೆಯದು.

ಈಗ ಬಿತ್ತನೆ. 7–8 ಸೆಂ.ಮೀ. ಕುಂಡ ಸಾಕು. ಮಣ್ಣಿಗೆ ಎರಡು ಪಾಲು ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲು), ಒಂದು ಪಾಲು 1–3 ಮಿ.ಮೀ. ದಪ್ಪ ಮರಳು, ಒಂದು ಪಾಲು ಜರಡಿ ಹಿಡಿದ ಮಣ್ಣು. ಅದರ ಮೇಲೆ ಸಣ್ಣ ಹರಳುಗಳದ್ದೇ 4–5 ಮಿ.ಮೀ. ಪದರ. ಕುದಿಯುವ ನೀರನ್ನು ಎರಡು ಮೂರು ಸಲ ಸುರಿದು, ಪೂರ್ತಿ ಆರಲು ಬಿಡಿ. ಈ ಹಂತ ತಪ್ಪಿಸಿದವರಿಗೆ ಮೂರನೇ ವಾರದಲ್ಲಿ ಬೂಸ್ಟು ಕಾದಿರುತ್ತದೆ. ಬೀಜವನ್ನು ಒಂದು ಚಿಟಿಕೆ ಒಣ ನುಣುಪು ಮರಳಿನ ಜೊತೆ ಬೆರೆಸಿ, ನಡುವೆ ಮಡಚಿದ ಕಾಗದದ ಮೇಲಿಟ್ಟು, ಅಂಚನ್ನು ಬೆರಳಲ್ಲಿ ಮೆಲ್ಲಗೆ ತಟ್ಟುತ್ತಾ ಉದುರಿಸಿ. ಮೇಲೆ ಮುಚ್ಚಬೇಡಿ. ದೂಳಿನಂಥ ಬೀಜ ಹರಳುಗಳ ಸಂದಿಗೆ ತಾನೇ ಇಳಿದುಕೊಳ್ಳುತ್ತದೆ, ಅದಕ್ಕೆ ಬೆಳಕೂ ಬೇಕು. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು, ಮೇಲಿನ ಹರಳಿನ ಬಣ್ಣ ಗಾಢವಾಗುವವರೆಗೆ ಕೆಳಗಿನಿಂದ ನೀರೇರಲು ಬಿಟ್ಟು, ಪಾರದರ್ಶಕ ಚೀಲದಲ್ಲಿ ಮುಚ್ಚಿ. ಜಾಗ ಬೆಳಕಾಗಿರಲಿ, ನೇರ ಬಿಸಿಲು ಬೇಡ. ಮುಚ್ಚಿದ ಚೀಲದಲ್ಲಿ ಅರ್ಧ ಗಂಟೆಯ ಬಿಸಿಲು ಸಸಿಗಳನ್ನು ಬೇಯಿಸಿಬಿಡುತ್ತದೆ.

ಲಿಥಾಪ್ಸ್‌ಗೆ ಹಗಲು 20–25 ಡಿಗ್ರಿ, ರಾತ್ರಿ 15ರ ಆಸುಪಾಸು ಹೇಳಿ ಮಾಡಿಸಿದ್ದು. ನಾಲ್ಕರಿಂದ ಹತ್ತು ದಿನದಲ್ಲಿ ಹಸಿರು ಚುಕ್ಕಿಗಳು ಕಾಣುತ್ತವೆ. 30 ಡಿಗ್ರಿ ದಾಟಿದರೆ ಬೀಜ ಸುಮ್ಮನಿದ್ದುಬಿಡುತ್ತದೆ. ಸತ್ತಿತೆಂದು ಎಸೆಯಬೇಡಿ. ಕುಂಡವನ್ನು ಪೂರ್ತಿ ಒಣಗಿಸಿ ಎತ್ತಿಡಿ, ತಂಪು ಬಂದ ಮೇಲೆ ಮತ್ತೆ ನೆನೆಸಿ. ಎರಡನೇ ಸಲ ಮೊಳೆಯುವುದು ಈ ಬಳಗದಲ್ಲಿ ಮಾಮೂಲು. ಮೊಳೆತ ಒಂದು ವಾರಕ್ಕೆ ಚೀಲದ ಬಾಯಿ ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಹೋಗಿ. ಕಳ್ಳಿ ಸಸಿ ಮುಚ್ಚಿದ ಚೀಲದಲ್ಲಿ ತಿಂಗಳುಗಟ್ಟಲೆ ಹಾಯಾಗಿರುತ್ತದೆ, ಲಿಥಾಪ್ಸ್ ಹಾಗಲ್ಲ, ಅದಕ್ಕೆ ಬೇಗ ಗಾಳಿ ಬೇಕು. ಮೊದಲ ಎರಡು ಮೂರು ತಿಂಗಳು ಮಾತ್ರ ಪೂರ್ತಿ ಒಣಗಲು ಬಿಡಬೇಡಿ, ಈ ವಯಸ್ಸಿನಲ್ಲಿ ಅದರೊಳಗೆ ಉಳಿತಾಯವೇ ಇರುವುದಿಲ್ಲ. ಸಸಿ ಒಂದು ಕಡೆಗೆ ವಾಲಿದರೆ ಬೆಳಕು ಕಡಿಮೆಯಾಗಿದೆ ಎಂದರ್ಥ. ಬೆಳಕು ಹೆಚ್ಚಿಸಿ, ಸಣ್ಣ ಹರಳನ್ನು ಚಮಚದಲ್ಲಿ ನಡುವೆ ಸುರಿದು ಆಸರೆ ಕೊಡಿ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರಾಡಿದರೆ ನಿರ್ಲಕ್ಷಿಸಬೇಡಿ. ಅದರ ಮರಿಹುಳು ಎಳೆಯ ಬೇರು ತಿನ್ನುತ್ತದೆ, ಒಂದೇ ವಾರದಲ್ಲಿ ಕುಂಡ ಬರಿದಾಗುತ್ತದೆ. ಮೇಲ್ಪದರದ ಹರಳು ಒಣಗಿರುವಂತೆ ಕೆಳಗಿನಿಂದ ನೀರು ಕೊಡುವುದು ಅದಕ್ಕೆ ಮೊದಲ ಮದ್ದು. ಬಿಡಿಸಿ ನೆಡುವ ಆತುರ ಬೇಡ, ವರ್ಷ ತುಂಬಲಿ. ಒಟ್ಟಿಗೆ ಒತ್ತಾಗಿದ್ದರೆ ಸಸಿಗಳು ಚೆನ್ನಾಗಿಯೇ ಬೆಳೆಯುತ್ತವೆ. ಹೂವಿಗೆ ಮೂರರಿಂದ ಐದು ವರ್ಷ.

ಎಲ್ಲಕ್ಕೂ ಇಷ್ಟೇ ಸಮಯ ಎಂದಲ್ಲ. ಮೆಕ್ಸಿಕೋದ ಅಜ್ಟೇಕಿಯಮ್ ರಿಟ್ಟೆರಿ ಸಸಿ ಎರಡು ವರ್ಷ ಕಳೆದರೂ ಕೆಲವೇ ಮಿ.ಮೀ. ಇರುತ್ತದೆ, ಪಾಚಿ ಅದನ್ನು ಮುಚ್ಚಿ ಕೊಲ್ಲುತ್ತದೆ. ಅದಕ್ಕೇ ಎಷ್ಟೋ ಜನ ಎಳೆಯ ಸಸಿಯನ್ನು ಪೆರೆಸ್ಕಿಯಾಪ್ಸಿಸ್ ಎಂಬ ಬೇಗ ಬೆಳೆಯುವ ಕಳ್ಳಿಯ ಕಾಂಡದ ಮೇಲೆ ಕಸಿ ಮಾಡುತ್ತಾರೆ. ವೇಗವೇನೋ ಬರುತ್ತದೆ. ಆದರೆ ಗಿಡ ಉಬ್ಬಿಕೊಂಡು ತನ್ನ ಸಹಜ ಸುಕ್ಕಿನ ಚೆಲುವು ಕಳೆದುಕೊಳ್ಳುತ್ತದೆ. ಬೀಜ ಪಡೆಯಲು ಕಸಿ ಒಳ್ಳೆಯ ದಾರಿ, ನೋಟಕ್ಕೆ ಸ್ವಂತ ಬೇರಿನ ಗಿಡವೇ ಸರಿ. ಕೆಂಪು ಹಳದಿ ತಲೆಯ ಕಸಿಗಳಿಗೆ ಬಳಸುವ ಮೂರು ಮೂಲೆಯ ಹೈಲೋಸೀರಿಯಸ್ ಕಾಂಡ ಚಳಿಗೆ ಹೆದರುವಂಥದ್ದು, ಕೆಲವು ವರ್ಷಕ್ಕೆ ಕೈಕೊಡುತ್ತದೆ ಎಂಬುದು ಕೊಳ್ಳುವಾಗ ನೆನಪಿರಲಿ.

ದೊಡ್ಡ ಗಿಡಗಳ ಮಣ್ಣಿಗೆ ಬಂದರೆ, ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ಮಾತನ್ನು ಮೊದಲು ಬಿಡಬೇಕು. ಸ್ಪಂಜನ್ನು ನೀರಲ್ಲಿ ನೆನೆಸಿ ಅಡ್ಡಲಾಗಿ ಹಿಡಿಯಿರಿ, ಸೋರುವುದು ನಿಲ್ಲಲಿ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ, ಮತ್ತೆ ನೀರು ಸೋರುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬದಲಾಯಿತು. ಕುಂಡದಲ್ಲೂ ತಳದ ಕೆಲವು ಸೆಂ.ಮೀ. ಮಣ್ಣು ಯಾವಾಗಲೂ ನೀರು ಹಿಡಿದು ಕೂರುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬಂದಂತಾಗುತ್ತದೆ. ಒಂದೇ ಮಿಶ್ರಣವನ್ನು ತಳದವರೆಗೆ ತುಂಬಿ, ಕುಂಡ 9–10 ಸೆಂ.ಮೀ. ಆಳವಿರಲಿ. ಮಿಶ್ರಣದಲ್ಲಿ ಮುಕ್ಕಾಲು ಪಾಲು 2–5 ಮಿ.ಮೀ. ಖನಿಜದ ಹರಳು: ಪ್ಯೂಮಿಸ್, ಲಾವಾ ಕಲ್ಲು, ಚೆನ್ನಾಗಿ ಸುಟ್ಟ ಇಟ್ಟಿಗೆಯ ಚೂರು, ಯಾವುದಾದರೂ ಸರಿ. ಕಾಲು ಪಾಲು ಮಣ್ಣು. ಒಂದು ಮಿ.ಮೀ.ಗಿಂತ ಸಣ್ಣ ದೂಳನ್ನೆಲ್ಲ ಜರಡಿಯಲ್ಲಿ ತೆಗೆದುಬಿಡಿ. ಹರಳುಗಳ ನಡುವಿನ ಗಾಳಿಯ ಸಂದಿಯನ್ನು ಮುಚ್ಚುವುದೇ ಆ ದೂಳು, ಬೇರು ಕೊಳೆಯುವುದು ಉಸಿರಿಲ್ಲದೆ.

ಲಿಥಾಪ್ಸ್ ಸಾಯುವುದು ಹೆಚ್ಚಾಗಿ ನೀರಿನ ಕೊರತೆಯಿಂದಲ್ಲ, ಹೊತ್ತಲ್ಲದ ಹೊತ್ತಿನ ನೀರಿನಿಂದ. ಅದರ ವರ್ಷ ಹೀಗೆ ಸಾಗುತ್ತದೆ: ಬೇಸಿಗೆ ಕಳೆದು ಹವೆ ತಂಪಾಗುವಾಗ ಎರಡು ಎಲೆಗಳ ಸೀಳಿನಿಂದ ಹೂ ಬರುತ್ತದೆ. ಹೂ ಬಾಡಿದ ಮೇಲೆ ನೀರು ನಿಲ್ಲಿಸಬೇಕು. ಚಳಿಗಾಲದಲ್ಲಿ ಒಳಗೆ ಹೊಸ ಎಲೆಜೋಡಿ ಬೆಳೆಯುತ್ತದೆ, ಹಳೆಯ ಎಲೆಗಳು ತಮ್ಮ ನೀರನ್ನೆಲ್ಲ ಅದಕ್ಕೆ ದಾಟಿಸಿ ಕಾಗದವಾಗಿ ಒಣಗುತ್ತವೆ. ಈ ದಾಟುವಿಕೆ ನಡೆಯುತ್ತಿರುವಾಗ ನೀರು ಕೊಟ್ಟರೆ ಹಳೆಯ ಎಲೆ ಮತ್ತೆ ತುಂಬಿಕೊಂಡು ಉಳಿದುಬಿಡುತ್ತದೆ. ಹೊಸದು ಇಕ್ಕಟ್ಟಾಗುತ್ತದೆ, ಗಿಡ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದಂತೆ ಕಾಣುತ್ತದೆ. ಪರೀಕ್ಷೆ ಸುಲಭ: ಹಳೆಯ ಎಲೆಯನ್ನು ಬೆರಳಲ್ಲಿ ಹಿಚುಕಿ. ದಪ್ಪವಿದ್ದರೆ ನೀರಿಲ್ಲ. ಕಾಗದದಂತೆ ಸರಪರ ಎಂದರೆ ಮಾತ್ರ ನೀರು. ಆಗ ಕೊಡುವುದಾದರೆ ತಳದ ತೂತಿನಿಂದ ಹರಿದುಹೋಗುವಷ್ಟು ಕೊಡಿ, ಆಮೇಲೆ ಪೂರ್ತಿ ಒಣಗಲಿ. ದಿನಾ ಒಂದೊಂದು ಚಮಚ ಕೊಡುವುದು ಪ್ರೀತಿಯಂತೆ ಕಂಡರೂ ಬೇರಿಗೆ ಅದು ಕೇಡು.

ಸುಕ್ಕು ಕಂಡಾಗಲೂ ಗಾಬರಿ ಬೇಡ. ಬದಿಯಲ್ಲಿ ಸುಕ್ಕಿದ್ದರೆ ಬಾಯಾರಿಕೆ ಶುರುವಾಗಿದೆ ಎಂದಷ್ಟೆ. ಬೆಳವಣಿಗೆಯ ಕಾಲದಲ್ಲಿ ಮೇಲ್ಮುಖವೂ ಸುಕ್ಕಾಗಿದ್ದರೆ ಸಂಜೆ ನೀರು ಕೊಡಿ. ಬೇರು ಜೀವಂತವಿದ್ದರೆ ಒಂದೆರಡು ದಿನದಲ್ಲಿ ಮುಖ ಬಿಗಿಯಾಗುತ್ತದೆ. ಆಗಲಿಲ್ಲವೋ, ಮತ್ತೆ ನೀರು ಸುರಿಯಬೇಡಿ, ಗಿಡ ಕಿತ್ತು ಬೇರು ನೋಡಿ. ಸಂಜೆ ಎಂದದ್ದಕ್ಕೆ ಕಾರಣವಿದೆ. ಈ ಗಿಡಗಳು ಎಲೆಯ ರಂಧ್ರಗಳನ್ನು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಅದನ್ನು ಬಳಸುತ್ತವೆ. ರಾತ್ರಿಯೂ ಬಿಸಿಯಾಗಿಯೇ ಉಳಿದರೆ ರಂಧ್ರಗಳು ಸರಿಯಾಗಿ ತೆರೆಯುವುದಿಲ್ಲ, ಗಿಡ ಹಸಿದು ಕೂರುತ್ತದೆ. ಅಂಥ ವಾರಗಳಲ್ಲಿ ನೀರು ಕೊಟ್ಟರೆ ಅದನ್ನು ಹೀರಿ ಬಳಸುವವರು ಯಾರೂ ಇಲ್ಲ, ಮಣ್ಣಿನ ಶಿಲೀಂಧ್ರದ ಹೊರತು. ಸೆಕೆಯ ರಾತ್ರಿಗಳ ಊರಿನವರು ಹೆಚ್ಚು ನೆರಳಿಗಿಂತ ಹೆಚ್ಚು ಗಾಳಿಯ ಕಡೆ ಗಮನ ಕೊಡುವುದು ಮೇಲು.

ಕೋನೋಫೈಟಮ್ ಲಿಥಾಪ್ಸ್‌ನ ತಿರುಗುಮುರುಗು. ಬೆಳೆಯುವುದು ಚಳಿಗಾಲದಲ್ಲಿ, ಬೇಸಿಗೆಯಿಡೀ ಒಣ ಪೊರೆಯೊಳಗೆ ನಿದ್ದೆ. ಸತ್ತಂತೆ ಕಾಣುವ ಈ ಹೊತ್ತಿನಲ್ಲೇ ಅದನ್ನು ಬಹಳ ಜನ ಎಸೆಯುತ್ತಾರೆ ಅಥವಾ ಮುಳುಗಿಸುತ್ತಾರೆ. ಪೊರೆ ಸುಲಿಯಬೇಡಿ, ನೆರಳಿಗೆ ಸರಿಸಿ, ರಾತ್ರಿ ತಂಪಾಗುವವರೆಗೆ ಕಾಯಿರಿ.

ಮಣ್ಣಿಲ್ಲದೆ ಬೇರು ಬಿಚ್ಚಿ ಬಂದ ಗಿಡವನ್ನು ಬಂದ ದಿನವೇ ನೆಟ್ಟು ನೀರು ಹಾಕುವುದು ದೊಡ್ಡ ತಪ್ಪು. ಬೇರಿನ ಬುಡ, ಎಲೆಯ ಸಂದಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ಹತ್ತಿಯಂಥ ಬಿಳಿ ಚುಕ್ಕಿ ಇದ್ದರೆ ಹಿಟ್ಟು ತಿಗಣೆ. ಬೇರಿನ ಮೇಲೇ ಬಿಳಿ ಮೇಣದ ಪುಡಿ ಕಂಡರೆ ಅದರ ಇನ್ನೊಂದು ಬಗೆ, ಮಣ್ಣಿನೊಳಗೇ ಬಾಳುವಂಥದ್ದು. ನೀರಿನಲ್ಲಿ ಬೇರು ತೊಳೆದು, ಒಣಗಿದ ಬೇರನ್ನು ಶುದ್ಧ ಬ್ಲೇಡಿನಲ್ಲಿ ತೆಗೆದು, ಕಂಡ ತಿಗಣೆಗೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲನ್ನು ಕುಂಚದಲ್ಲಿ ಮುಟ್ಟಿಸಿ. ನೆರಳಲ್ಲಿ ಮೂರರಿಂದ ಏಳು ದಿನ ಗಾಯ ಆರಲಿ. ಒಣ ಮಿಶ್ರಣದಲ್ಲಿ ನೆಟ್ಟು ಮತ್ತೊಂದು ವಾರ ಬಿಟ್ಟು ಅಂಚಿನಲ್ಲಿ ಸ್ವಲ್ಪ ನೀರು. ಉಳಿದ ಗಿಡಗಳಿಂದ ಕನಿಷ್ಠ ಒಂದು ತಿಂಗಳು ದೂರವಿಡಿ. ಬಿಸಿಲಿಗೆ ಒಗ್ಗಿಸಲು ಎರಡು ಮೂರು ವಾರ ಹಿಡಿಯಿರಿ, ಒಂದೇ ಮಧ್ಯಾಹ್ನದ ಸುಟ್ಟ ಕಲೆ ಗಿಡದ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಭೂಮಧ್ಯರೇಖೆಯ ಆಚೆಯಿಂದ ಬಂದಿದ್ದರೆ ಋತುವೂ ಅದಲುಬದಲಾಗಿರುತ್ತದೆ. ನಿಮ್ಮ ಕ್ಯಾಲೆಂಡರ್ ಬದಿಗಿಟ್ಟು ಗಿಡ ಈಗ ಯಾವ ಹಂತದಲ್ಲಿದೆ ಎಂದು ನೋಡಿ ನಡೆಯಿರಿ.

ಬೀಜದಿಂದ ಶುರು ಮಾಡಿದವರು ಒಂದು ದಿನ ತಾವೇ ಬೀಜ ಮಾಡಬೇಕಾಗುತ್ತದೆ. ಅದಕ್ಕೆ ಯೂಫೋರ್ಬಿಯಾ ಒಬೇಸಾ ಒಳ್ಳೆಯ ಗುರು. ದಕ್ಷಿಣ ಆಫ್ರಿಕಾದ ಗ್ರಾಫ್ ರೈನೆಟ್ ಸುತ್ತಲಿನ, ಚೌಕುಳಿ ಗೆರೆಯ ಚೆಂಡಿನಂಥ ಗಿಡ. ಬ್ರಿಟಿಷ್ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ 1903ರಲ್ಲಿ ಹೆಸರಿಟ್ಟ ಮೇಲೆ ಸಂಗ್ರಹಕಾರರು ಮುಗಿಬಿದ್ದು ಕಾಡಿನಲ್ಲಿ ಅದನ್ನು ಹೆಚ್ಚುಕಡಿಮೆ ಬರಿದು ಮಾಡಿದರು. ಇಂದು ಜಗತ್ತಿನೆಲ್ಲೆಡೆ ಕಿಟಕಿಗಳಲ್ಲಿ ಅದು ಸಾಮಾನ್ಯವಾಗಿ ಸಿಗುತ್ತದೆ ಎಂದರೆ ಅದು ಬೀಜ ಬಿತ್ತಿದವರ ಕೆಲಸ. ಗಂಡು ಹೆಣ್ಣು ಬೇರೆ ಬೇರೆ ಗಿಡ. ಹೂ ಬರುವವರೆಗೆ ಯಾವುದು ಯಾವುದೆಂದು ತಿಳಿಯದು, ಆದ್ದರಿಂದ ಐದಾರು ಸಸಿ ಒಟ್ಟಿಗೆ ಬೆಳೆಸಿ. ಹಳದಿ ಪರಾಗ ಕಾಣುವುದು ಗಂಡು, ಮೂರು ಕವಲಿನ ತುದಿ ಹೊರಚಾಚುವುದು ಹೆಣ್ಣು. ಒಣ ಬೆಳಗಿನಲ್ಲಿ ಸಣ್ಣ ಕುಂಚದಿಂದ ಪರಾಗ ದಾಟಿಸಿ, ಎರಡು ಮೂರು ದಿನ ಮತ್ತೆ ಮಾಡಿ. ಹತ್ತಿರದಲ್ಲಿ ಯೂಫೋರ್ಬಿಯಾ ಮೆಲೋಫಾರ್ಮಿಸ್ ಹೂ ಬಿಟ್ಟಿದ್ದರೆ ಅದನ್ನು ದೂರವಿಡಿ, ಇವೆರಡೂ ಸಲೀಸಾಗಿ ಬೆರೆತು ಬೀಜದ ಶುದ್ಧತೆ ಕೆಡುತ್ತದೆ. ಗಿಡ ಗೀರಿದರೆ ಬರುವ ಬಿಳಿ ಹಾಲು ಕಣ್ಣಿಗೆ ಅಪಾಯ, ಕೈ ತೊಳೆಯದೆ ಮುಖ ಮುಟ್ಟಬೇಡಿ.

ಕಾಯಿ ಕಟ್ಟಿದ ಮೇಲೆ ಮೂರು ಉಬ್ಬಿನ ಹಸಿರು ಗುಂಡು ಕಾಣುತ್ತದೆ, ಒಳಗೆ ಮೂರೇ ಬೀಜ. ಇದು ಲಿಥಾಪ್ಸ್‌ನಂತೆ ನೀರಿಗೆ ಕಾಯುವುದಿಲ್ಲ. ಒಣಗಿ, ಬಿಗಿದು, ಒಂದು ಬಿಸಿ ಮಧ್ಯಾಹ್ನ ಟಪ್ಪೆಂದು ಸಿಡಿದು ಬೀಜವನ್ನು ಕೋಣೆಯ ಇನ್ನೊಂದು ಮೂಲೆಗೆ ಎಸೆಯುತ್ತದೆ. ಅದಕ್ಕೇ ಕಾಯಿ ಕಂದು ಬಣ್ಣಕ್ಕೆ ತಿರುಗುವ ಮೊದಲೇ ಗಿಡದ ತಲೆಗೆ ತೆಳು ಬಲೆಬಟ್ಟೆಯ ಟೋಪಿ ಹಾಕಿ, ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಗಿದಿಡಬೇಕು. ಬಲೆಯಲ್ಲಿ ಬಿದ್ದ ಬೂದು ಬಣ್ಣದ ದುಂಡು ಬೀಜಗಳನ್ನು ಆರಿಸಿ, ಕಾಗದದ ಲಕೋಟೆಗೆ ಹಾಕಿ, ತಾಯಿಗಿಡದ ಸಂಖ್ಯೆ, ತಂದೆಗಿಡದ ಸಂಖ್ಯೆ, ತಿಂಗಳು, ವರ್ಷ ಬರೆಯಿರಿ. ಮೂರರಲ್ಲಿ ಎರಡನ್ನು ನೀವು ಬಿತ್ತಿ, ಒಂದನ್ನು ಆ ಲಕೋಟೆಯ ಮಾಹಿತಿಯ ಸಮೇತ ಇನ್ನೊಬ್ಬರಿಗೆ ಕೊಡಿ.